ಲೈಟ್ ಹತ್ಯಾದ, ಹಾಡು ಕಾಣ್ಲತಿಲ್ಲ

ನಮ್ಮ ಕಡೆ ಪೆನ್ ಡ್ರೈವ್ ಎನ್ನುವುದು ಕಂಪ್ಯೂಟರಿನ ಸಾಮಾನೇ ಅಲ್ಲ. ಉಮರ್ಗಾ, ನಿಲಂಗಾ, ಉದಗೀರ – ಈ ಮೂರೂರ ನಡುವಿನ ಯಾವ ರಸ್ತೆಯ ಬದಿಗೆ ನಿಂತರೂ ಅದು ಮೊದಲು ಕಿವಿಗೆ ಬೀಳುತ್ತದೆ. ಸೋಯಾಬೀನ್ ಚೀಲ ಹೇರಿಕೊಂಡು ಮೋಂಢಾ ಮಾರುಕಟ್ಟೆಯ ಕಡೆ ಹೊರಟ ಟ್ರ್ಯಾಕ್ಟರಿನ ಟೇಪಿನಲ್ಲಿ ಅದು ಇರುತ್ತದೆ. ಲಗ್ನದ ಮಂಟಪದ ಡಿಜೆಯಲ್ಲಿ ಇರುತ್ತದೆ. ಲಗ್ನ ಮುಗಿದ ಮೇಲೆ ವಿಡಿಯೊದವನು ಕೊಡುವ ಕೆಂಪು ಮಖಮಲ್ಲಿನ ಡಬ್ಬಿಯಲ್ಲೂ ಅದೇ. ಮೊಬೈಲ್ ದುಕಾನಿನ ಗಾಜಿನ ಮೇಲೆ ‘ಗಾಣಿ ಭರೂನ್ ಮಿಳತೀಲ್’ (ಹಾಡು ತುಂಬಿ ಸಿಗುತ್ತವೆ) ಎಂದು ಮರಾಠಿಯಲ್ಲಿ ಬರೆದಿರುತ್ತದೆ. ಒಳಗೆ ಹೋದರೆ ಹುಡುಗ ‘ಯಾವ ಹಾಡು ಹಾಕ್ಲಿ, ಕನ್ನಡ ಬೇಕೋ ಮರಾಠಿ ಬೇಕೋ?’ ಎಂದು ಕನ್ನಡದಲ್ಲೇ ಕೇಳುತ್ತಾನೆ. ಎರಡೂ ಬೇಕು ಎಂದರೆ ನಡುವೆ ನಾಲ್ಕು ಹಿಂದಿಯನ್ನೂ ತುರುಕಿ ಕೊಡುತ್ತಾನೆ. ಲ್ಯಾಪ್‌ಟಾಪಿನ ಮುಖವನ್ನೇ ನೋಡದೆ ಆಯುಷ್ಯ ಮುಗಿಸುವ ಪೆನ್ ಡ್ರೈವುಗಳು ನಮ್ಮಲ್ಲಿ ಎಷ್ಟೋ.

ಆದ್ದರಿಂದ ನಿಲಂಗಾದ ನಮ್ಮ ಅಕ್ಕನ ಮನೆಯ ಪೆನ್ ಡ್ರೈವಿಗೆ ಲ್ಯಾಪ್‌ಟಾಪಿನ ಗರಜು ಬಿದ್ದದ್ದೇ ಒಂದು ವಿಶೇಷ. ಅದರಲ್ಲಿ ಆಯಿಯ ಹಾಡುಗಳಿದ್ದವು. ಆಯಿ ಎಂದರೆ ನಮ್ಮ ತಂದೆಯ ತಾಯಿ. ಭಾಲ್ಕಿ ಕಡೆಯ ಹೆಣ್ಣುಮಗಳು; ನಿಲಂಗಾಕ್ಕೆ ಸೊಸೆಯಾಗಿ ಬಂದವಳು. ಕಾಕಾನ ಮಗ, ನಮ್ಮ ಉದಗೀರದ ತಮ್ಮ, ಆಕೆ ಬದುಕಿದ್ದಾಗ ಒಂದು ದೀಪಾವಳಿಗೆ ಬಂದು ತನ್ನ ಮೊಬೈಲಿನಲ್ಲಿ ಬೀಸುವ ಪದಗಳನ್ನು ರೆಕಾರ್ಡ್ ಮಾಡಿಕೊಂಡಿದ್ದ. ಗಿರಣಿ ಬಂದು ಎಷ್ಟೋ ವರ್ಷವಾಗಿ ಬೀಸುಕಲ್ಲು ಮೂಲೆ ಸೇರಿತ್ತು. ಕೂತು ಹಾಡು ಅಂದರೆ ಆಯಿಗೆ ಒಂದು ಸಾಲೂ ನೆನಪಾಗಲಿಲ್ಲ. ಕಲ್ಲು ತೊಳೆದು ತಂದು, ಒಂದು ಹಿಡಿ ಜೋಳ ಹಾಕಿ, ಗೂಟ ಕೈಗೆ ಕೊಟ್ಟ ಮೇಲೆ ಹಾಡು ತಾನಾಗಿ ಹೊರಟಿತಂತೆ. ಕೆಲವು ಕನ್ನಡ, ಕೆಲವು ಮರಾಠಿ ಓವಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಊರಿಗೆ ಊರೇ ಕಲ್ಲುಮಣ್ಣಿನ ಗೋಡೆಯಡಿ ಹೋಯಿತಲ್ಲ, ಅದರ ಮೇಲೆ ಆಯಿಯೇ ಕಟ್ಟಿದ ಒಂದು ಪದವೂ ಇತ್ತು. ಎಲ್ಲರಿಗೂ ಬೇಕಾಗಿದ್ದುದು ಅದು. ತಮ್ಮನ ಹಳೆಯ ಮೊಬೈಲು ಹೋಗಿತ್ತು, ಕಂಪ್ಯೂಟರ್ ಭಂಗಾರದವನ ಗಾಡಿ ಹತ್ತಿತ್ತು. ಉಳಿದದ್ದು ಅಕ್ಕನ ಮನೆಯ ಈ ಪೆನ್ ಡ್ರೈವ್ ಒಂದೇ.

ಅಕ್ಕನ ಮಗ ಅದನ್ನು ಉಮರ್ಗಾಕ್ಕೆ ತಂದು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ನೀಲಿ ದೀಪ ಹತ್ತಿತು. ಪರದೆಯ ಮೇಲೆ ಏನೂ ಬರಲಿಲ್ಲ. ‘ಟುಂಗ್’ ಎನ್ನುವ ಸದ್ದೂ ಇಲ್ಲ.

‘ಲೈಟ್ ಹತ್ಯಾದ ಮಾಮಾ, ಜೀವ ಅದ,’ ಎಂದ.

ಯಂತ್ರವೊಂದು ಕೆಟ್ಟರೆ ನಮ್ಮ ಕಡೆ ಸಲಹೆಗೆ ಬರ ಇಲ್ಲ. ಮೇಲಿನ ಮನೆಯವರು ಬಂದು ಬಾಯಿಂದ ಊದಿರಿ ಎಂದರು. ಹಾಲಿನವನು ಶಾಲೆ ಹುಡುಗರ ರಬ್ಬರಿನಿಂದ ಅದರ ಹಿತ್ತಾಳೆ ತಿಕ್ಕಲು ಹೇಳಿದ. (ಊದಿದರೆ ಬಾಯಿಯ ತೇವ ಒಳಗೆ ಹೋಗುತ್ತದೆ, ಬೇಡ. ರಬ್ಬರಿನ ಮಾತು ಅಷ್ಟು ಕೆಟ್ಟದ್ದಲ್ಲ. ಕಿಲುಬು ಹತ್ತಿದ್ದರೆ ಮೆಲ್ಲಗೆ ತಿಕ್ಕಿ ಒಣ ಬಟ್ಟೆಯಿಂದ ಒರೆಸಬಹುದು.) ಅಳಿಯ ಮಾತ್ರ ಕಿತ್ತು ಚುಚ್ಚಿ, ಕಿತ್ತು ಚುಚ್ಚಿ, ದೀಪ ಹತ್ತಿದಾಗೊಮ್ಮೆ ನನ್ನ ಮುಖ ನೋಡುತ್ತಿದ್ದ.

ಆ ದೀಪದ ವಿಷಯ ಸ್ವಲ್ಪ ಹೇಳಬೇಕು. ಎಷ್ಟೋ ಮಂದಿ ಮೋಸ ಹೋಗುವುದು ಅಲ್ಲೇ. ಸಾದಾ ಯುಎಸ್‌ಬಿ ಮೂತಿಯೊಳಗೆ ಇಣುಕಿ ನೋಡಿದರೆ ನಾಲ್ಕು ಹಳದಿ ಪಟ್ಟಿ ಕಾಣುತ್ತವೆ. ಅಂಚಿನ ಎರಡು ಕರೆಂಟಿನವು, ಒಂದರಲ್ಲಿ 5 ವೋಲ್ಟ್, ಇನ್ನೊಂದು ಅರ್ಥಿಂಗ್. ನಡುವಿನ ಎರಡು ಮಾಹಿತಿ ಸಾಗಿಸುವವು. ಸರಿಯಾಗಿ ದಿಟ್ಟಿಸಿದರೆ ಅಂಚಿನವು ನಡುವಿನವಕ್ಕಿಂತ ತುಸು ಉದ್ದ. ಅದು ಬೇಕೆಂದೇ ಮಾಡಿದ್ದು: ತೂರಿಸಿದಾಗ ಮೊದಲು ಕರೆಂಟು ಮುಟ್ಟಬೇಕು, ಆಮೇಲೆ ಮಾಹಿತಿ, ಕೀಳುವಾಗ ಮೊದಲು ಮಾಹಿತಿ ಬಿಡಬೇಕು, ಕೊನೆಗೆ ಕರೆಂಟು. ದೀಪ ಹತ್ತಿದರೆ ಅಂಚಿನ ಎರಡು ಪಟ್ಟಿ ಮುಟ್ಟಿವೆ ಎಂದಷ್ಟೇ ಖಾತ್ರಿ. ನಡುವಿನವು ಮುಟ್ಟಿದವೋ, ಒಳಗಿನ ಬೆಸುಗೆ ಬಿಟ್ಟಿದೆಯೋ, ದೀಪಕ್ಕೆ ಅದರ ಗೊಡವೆ ಇಲ್ಲ.

ಈ ಮೂತಿಯನ್ನು ರೂಪಿಸಿದ ಇಂಟೆಲ್ ಕಂಪನಿಯ ತಂಡದ ಮುಂದಾಳು ನಮ್ಮ ದೇಶದವರೇ. ಬರೋಡಾದಲ್ಲಿ ಹುಟ್ಟಿ ಅಲ್ಲಿಯೇ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್ಟ. ಮೊದಲ ಯುಎಸ್‌ಬಿ ನಿಯಮ ಹೊರಬಂದದ್ದು 1996ರ ಜನವರಿಯಲ್ಲಿ. ಅದಕ್ಕೂ ಮೊದಲು ಕೀಬೋರ್ಡಿಗೆ ಒಂದು ತೂತು, ಮೌಸಿಗೆ ಒಂದು, ಪ್ರಿಂಟರಿಗೆ ಎರಡೂ ಕಡೆ ತಿರುಪು ಹಾಕುವ ಅಗಲದ ಇನ್ನೊಂದು. ಏನಾದರೂ ಚುಚ್ಚಿದರೆ ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಬೇಕಿತ್ತು. ಎಲ್ಲಕ್ಕೂ ಒಂದೇ ತೂತು, ನಡೆಯುತ್ತಿರುವಾಗಲೇ ಚುಚ್ಚಬಹುದು, ಕೀಳಬಹುದು ಎಂದು ಮಾಡಿದ್ದು ಸಣ್ಣ ಉಪಕಾರವಲ್ಲ. ಆದರೆ ಹೇಗೆ ತಿರುಗಿಸಿದರೂ ಹೋಗುವಂತೆ ಯಾಕೆ ಮಾಡಲಿಲ್ಲ ಎಂದು ಲೋಕವೆಲ್ಲ ಅವರನ್ನು ಕೇಳಿದೆ. ಎರಡೂ ಬದಿಗೆ ಮಾಡಿದ್ದರೆ ತಂತಿ ಇಮ್ಮಡಿ, ಖರ್ಚು ಇಮ್ಮಡಿ, ಆ ಕಾಲಕ್ಕೆ ಯಾವ ಕಂಪನಿಯೂ ಒಪ್ಪುತ್ತಿರಲಿಲ್ಲ ಎಂದು ಅವರು ಉತ್ತರ ಕೊಟ್ಟಿದ್ದಾರೆ. ಉತ್ತರ ನನಗೆ ಒಪ್ಪಿಗೆಯೇ. ಆದರೂ ಕತ್ತಲಲ್ಲಿ ಮೇಜಿನ ಹಿಂದೆ ಕೈ ಹಾಕಿ ತಡಕುವಾಗ ಬಾಯಲ್ಲಿ ಬರುವ ಮಾತು ಬೇರೆ.

ಇಂಥ ತಕರಾರಿನಲ್ಲಿ ಹೊರಗಿನಿಂದ ಒಳಕ್ಕೆ ಹೋಗಬೇಕು. ಜನ ಒಳಗಿನಿಂದ ಶುರುಮಾಡುತ್ತಾರೆ. ಗುಣವಾಗಬಲ್ಲ ಅರ್ಧ ಪೆನ್ ಡ್ರೈವುಗಳು ಸಾಯುವುದು ಅದರಿಂದಲೇ ಎನ್ನುವುದು ನನ್ನ ಅಭಿಪ್ರಾಯ. ಮೊದಲ ಪ್ರಶ್ನೆ ಬಹಳ ಸಾದಾ: ಕೆಟ್ಟದ್ದು ಕಡ್ಡಿಯೋ, ತೂತೋ? ಇದನ್ನು ಇನ್ನೊಂದು ತೂತಿಗೆ ಹಾಕು. ಈ ತೂತಿಗೆ ಇನ್ನೊಂದನ್ನು ಹಾಕು. ನಡುವೆ ನಾಲ್ಕು ಬಾಯಿಯ ಹಬ್ಬೋ, ಉದ್ದನೆಯ ವೈರೋ ಇದ್ದರೆ ತೆಗೆ. ಯುಎಸ್‌ಬಿ 2ರ ಒಂದು ತೂತು ಕೊಡುವುದು ಹೆಚ್ಚೆಂದರೆ 500 ಮಿಲಿಆಂಪಿಯರ್. ಅದನ್ನು ಮೌಸು, ಕೀಬೋರ್ಡು, ಗಾಳಿ ಹಾಕುವ ಚೀನಾ ಫ್ಯಾನು ಹಂಚಿಕೊಂಡ ಮೇಲೆ ಪೆನ್ ಡ್ರೈವಿಗೆ ಉಳಿಯುವುದೇನು? ಡೆಸ್ಕ್‌ಟಾಪಾದರೆ ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ ಹಾಕಬೇಕು. ಹಿಂದಿನದು ನೇರ ಮದರ್‌ಬೋರ್ಡಿನ ಮೇಲೇ ಇರುತ್ತದೆ, ಮುಂದಿನದು ತೆಳ್ಳನೆಯ ವೈರಿನ ತುದಿಗೆ. ಇಷ್ಟಕ್ಕೆ ಸ್ಕ್ರೂಡ್ರೈವರೂ ಬೇಡ, ಯಾವ ಕೋರ್ಸಿನ ಸರ್ಟಿಫಿಕೇಟೂ ಬೇಡ.

ನನ್ನ ಲ್ಯಾಪ್‌ಟಾಪು ಅಳಿಯನ ಟ್ರ್ಯಾಕ್ಟರಿನ ಪೆನ್ ಡ್ರೈವನ್ನೂ ತೆಗೆದುಕೊಳ್ಳಲಿಲ್ಲ. ಅಂದರೆ ಆಯಿಯ ಪೆನ್ ಡ್ರೈವಿನ ಮೇಲೆ ಇನ್ನೂ ದೋಷ ಹೊರಿಸುವಂತಿಲ್ಲ. ಇಲ್ಲಿ ವಿಂಡೋಸಿನ ಒಂದು ಚೇಷ್ಟೆ ಇದೆ. ವಿಂಡೋಸ್ 8ರಿಂದ ಈಚೆಗೆ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ‘ಶಟ್ ಡೌನ್’ ಒತ್ತಿದರೆ ಯಂತ್ರ ಪೂರ್ತಿ ಮಲಗುವುದಿಲ್ಲ. ಬೇಗ ಏಳಬೇಕೆಂದು ಅರ್ಧ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆ ತೂತು ಮುನಿಸಿಕೊಂಡಿದ್ದರೆ ಇಂದೂ ಮುನಿಸು ಮುಂದುವರಿಯುತ್ತದೆ. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲ ಮೊದಲಿನಿಂದ. ಆರಿಸುವುದಕ್ಕಿಂತ ಮತ್ತೆ ಹೊತ್ತಿಸುವುದೇ ಹೆಚ್ಚು ಪೂರ್ತಿಯಾಗಿ ಆರಿಸುತ್ತದೆ ಎಂದರೆ ಯಾರೂ ನಂಬುವುದಿಲ್ಲ, ಆದರೆ ಇರುವುದು ಹಾಗೇ. ಇದರ ಜೊತೆಗೆ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ಎಂಬುದನ್ನು ತೆರೆದು, ಬ್ಯಾಟರಿ ಉಳಿಸಲಿಕ್ಕಾಗಿ ಈ ತೂತಿನ ಕರೆಂಟು ಕತ್ತರಿಸಬಹುದು ಎನ್ನುವ ಗುರುತನ್ನು ತೆಗೆದುಹಾಕಬೇಕು. ಬ್ಯಾಟರಿ ಉಳಿಸುವ ಹುಮ್ಮಸ್ಸಿನಲ್ಲಿ ವಿಂಡೋಸು ತೂತನ್ನೇ ನಿದ್ದೆಗೆ ಕೆಡವಿ ಎಬ್ಬಿಸುವುದನ್ನು ಮರೆಯುವುದುಂಟು.

ರೀಸ್ಟಾರ್ಟ್ ಆದ ಮೇಲೆ ‘ಟುಂಗ್’ ಎಂದಿತು. ಅಳಿಯ ಚಪ್ಪಾಳೆ ಹೊಡೆದ.

ಆ ಒಂದು ಸದ್ದಿನ ಹಿಂದೆ ಎಷ್ಟು ಮಾತುಕತೆ ನಡೆದಿರುತ್ತದೆ ಎಂದರೆ ಅಚ್ಚರಿಯಾಗುತ್ತದೆ. ಪೆನ್ ಡ್ರೈವು ಮಾಹಿತಿಯ ಒಂದು ತಂತಿಯನ್ನು ಮೇಲಕ್ಕೆಳೆದು ತಾನು ಬಂದಿರುವುದನ್ನು ತಿಳಿಸಬೇಕು. ಲ್ಯಾಪ್‌ಟಾಪು ಅದನ್ನು ಒಮ್ಮೆ ಸೊನ್ನೆಗೆ ತಂದು, ನೀನು ಯಾರು ಎಂದು ಕೇಳಬೇಕು. ಪೆನ್ ಡ್ರೈವು ತಯಾರಕರ ಸಂಖ್ಯೆ, ಮಾಲಿನ ಸಂಖ್ಯೆ, ತನಗೆ ಬೇಕಾದ ಕರೆಂಟು ಇಷ್ಟನ್ನೂ ಹೇಳಬೇಕು. ಅದಕ್ಕೆ 1ರಿಂದ 127ರೊಳಗಿನ ಒಂದು ಅಂಕೆ ಸಿಗಬೇಕು. ಆಮೇಲೆ ಡ್ರೈವರು ಕೂರಬೇಕು. ನಡುವೆ ಎಲ್ಲಿ ತಪ್ಪಿದರೂ ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಎಂಬ ಹಳದಿ ತ್ರಿಕೋನ, ಅದರ ಜೊತೆಗೆ 43 ಎಂಬ ಅಂಕೆ. ಆ 43 ಬೇರೆ ಬೇರೆ ಕಂಪ್ಯೂಟರುಗಳಲ್ಲೂ ಬರುತ್ತಿದ್ದರೆ ಕಡ್ಡಿಯ ಒಳಗಿನ ಚಿಪ್ಪೇ ಮಾತು ಬಿಟ್ಟಿದೆ ಎಂದು ತಿಳಿಯಬೇಕು. ಮನೆಮದ್ದು ಅಲ್ಲಿಗೆ ಮುಗಿಯಿತು. ಒಂದೇ ಕಂಪ್ಯೂಟರಿನಲ್ಲಿ ಬಂದರೆ ಆ ಹಳದಿ ಸಾಲನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಡ್ಡಿ ಕಿತ್ತು, ಮತ್ತೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ನಮ್ಮದು ಸದ್ದು ಮಾಡಿತು ನಿಜ. ಆದರೆ ‘ದಿಸ್ ಪಿಸಿ’ ತೆರೆದರೆ ಅಲ್ಲಿ ಇಲ್ಲ. ಒಳಗೆ ಬಂದಿದೆ, ಕಣ್ಣಿಗೆ ಬೀಳುತ್ತಿಲ್ಲ. ಇದಕ್ಕೆ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಕಿಟಕಿ ತೆರೆಯಬೇಕು. ಅಲ್ಲಿ ಕೆಳಗಿನ ಪಟ್ಟಿಯಲ್ಲಿ ನಮ್ಮ 8 ಜಿಬಿಯ ಪೆನ್ ಡ್ರೈವು ಕೂತಿತ್ತು. ತಕರಾರು ಅಕ್ಷರದ್ದು. ವಿಂಡೋಸು ಪ್ರತಿಯೊಂದು ಡಿಸ್ಕಿಗೂ ಒಂದು ಅಕ್ಷರ ಕೊಡುತ್ತದೆ: ಸಿ, ಡಿ, ಇ, ಎಫ್. ನನ್ನದು ಶಾಲೆಯ ಕೆಲಸಕ್ಕೂ ಬಳಸುವ ಲ್ಯಾಪ್‌ಟಾಪು. ಶಾಲೆಯ ನೆಟ್‌ವರ್ಕಿನ ಫೋಲ್ಡರಿಗೆ ‘ಇ’ ಎಂದೋ ಕೊಟ್ಟಾಗಿತ್ತು. ಪೆನ್ ಡ್ರೈವಿಗೂ ಅದು ‘ಇ’ಯನ್ನೇ ಕೊಟ್ಟಿತು. ಒಂದೇ ಮನೆಯ ಬಾಗಿಲಿಗೆ ಇಬ್ಬರ ಹೆಸರಿನ ಫಲಕ ಬಿದ್ದು, ಹೊಸಬ ಕಾಣದೆ ಹೋದ. ಬಲಗುಂಡಿ ಒತ್ತಿ ಬೇರೆ ಅಕ್ಷರ ಕೊಟ್ಟರೆ ಮುಗಿಯಿತು. ಒಳಗಿರುವುದಕ್ಕೆ ಏನೂ ಆಗುವುದಿಲ್ಲ.

‘ಅಕ್ಷರ ಬದಲ್ ಮಾಡದ್ರ ಹಾಡು ಹೋಗಲ್ಲೇನ್ ಮಾಮಾ?’ ಎಂದು ಅಳಿಯ ಗಾಬರಿಯಾಗಿ ಕೇಳಿದ.

ಹೋಗುವುದಿಲ್ಲ ಎಂದು ಅವನಿಗೆ ತಿಳಿಯಹೇಳಲು ಆಯಿಯ ಮನೆಯೇ ಸಾಕಿತ್ತು. ಆಯಿ ಲಗ್ನವಾಗಿ ಭಾಲ್ಕಿಯಿಂದ ನಿಲಂಗಾಕ್ಕೆ ಬಂದಾಗ ಎರಡೂ ನಿಜಾಮನ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆಯಲ್ಲೇ ಇದ್ದವು. ಉದಗೀರವೂ ಅದೇ ಜಿಲ್ಲೆಯದು. ಆಕೆ ಯಾವ ಗಡಿಯನ್ನೂ ದಾಟಿ ಬಂದವಳಲ್ಲ. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಹೊಸದಾಗಿ ಕಟ್ಟಿದಾಗ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಬೀದರ್ ಬಿಟ್ಟು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. ಆಕೆಯ ತವರು ಮೈಸೂರು ರಾಜ್ಯಕ್ಕೆ ಹೋಯಿತು. 1960ರ ಮೇ 1ಕ್ಕೆ ಮುಂಬಯಿ ಹೋಗಿ ಮಹಾರಾಷ್ಟ್ರ ಬಂತು. 1973ಕ್ಕೆ ತವರಿನ ರಾಜ್ಯ ಕರ್ನಾಟಕವಾಯಿತು. 1982ರ ಆಗಸ್ಟ್ 16ಕ್ಕೆ ಲಾತೂರು ಬೇರೆ ಜಿಲ್ಲೆಯಾಗಿ ನಿಲಂಗಾ, ಉದಗೀರ ಅದರ ಪಾಲಿಗೆ ಬಂದವು. ನಾನಿರುವ ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. ಈಗ ಅದೂ ಧಾರಾಶಿವ. ಇಷ್ಟೆಲ್ಲ ಆಗುವಾಗ ಆಯಿ ಅದೇ ಮನೆಯಲ್ಲಿ, ಅದೇ ಕಲ್ಲಿನ ಮುಂದೆ ಕೂತು ಬೀಸುತ್ತಿದ್ದಳು. ರೇಶನ್ ಕಾರ್ಡಿನ ಮೇಲಿನ ಹೆಸರು ಬದಲಾಯಿತು, ಒಲೆ ಬದಲಾಗಲಿಲ್ಲ. ಡ್ರೈವಿನ ಅಕ್ಷರವೂ ಅಷ್ಟೇ. ಅದು ಹೊರಗಿನವರು ಕಾಗದಕ್ಕೆ ಬರೆದುಕೊಂಡ ವಿಳಾಸ.

ಒಂದು ವ್ಯತ್ಯಾಸ ಹೇಳಿಬಿಡಬೇಕು. ಡ್ರೈವಿಗೆ ಅಕ್ಷರ ಬದಲಾದರೆ ಒಳಗಿನ ಹಾಡು ಬದಲಾಗುವುದಿಲ್ಲ; ಊರಿಗೆ ಜಿಲ್ಲೆ ಬದಲಾದರೆ ಶಾಲೆ ಬದಲಾಗುತ್ತದೆ. ನಮ್ಮ ತಂದೆ ಉರ್ದು ಕಲಿತು ಮರಾಠಿಯಲ್ಲಿ ಪಾಸಾದವರು. ನಾವು ಮರಾಠಿಯಲ್ಲಿ ಓದಿದೆವು, ಮನೆಯಲ್ಲಿ ಕನ್ನಡ ಆಡಿದೆವು. ಪುಣೆಯ ಬಾಲಭಾರತಿ ಮಹಾರಾಷ್ಟ್ರದ ಶಾಲೆಗಳಿಗೆ ಕನ್ನಡ ಮಾಧ್ಯಮದ ಪುಸ್ತಕವನ್ನೂ ಅಚ್ಚು ಹಾಕುತ್ತದೆ. ಆದರೆ ಅದನ್ನು ಓದುವ ಮಕ್ಕಳು ಹೆಚ್ಚಾಗಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತದ ಕಡೆಯವರು. ನಮ್ಮ ಮನೆಯ ಮಕ್ಕಳ ಬಾಯಲ್ಲಿ ಕನ್ನಡ ಇದೆ, ಕೈಯಲ್ಲಿ ಇಲ್ಲ.

ಅಕ್ಷರ ಬದಲಿಸಿದ್ದೇ ತಡ, ಪರದೆಯ ನಡುವೆ ಇಂಗ್ಲಿಷಿನಲ್ಲಿ ಒಂದು ಸೂಚನೆ ಎದ್ದಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಕೆಳಗೆ ಎರಡು ಗುಂಡಿ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಮುಂದೆ ‘ರಾ’ ಎಂದು ಬರೆದಿತ್ತು. ಅಂದರೆ ಕಡ್ಡಿ ಸಿಕ್ಕಿದೆ, ಅದರಲ್ಲಿ ಯಾವುದು ಎಲ್ಲಿದೆ ಎಂಬ ಪಟ್ಟಿ ಸಿಕ್ಕಿಲ್ಲ. ಅಳಿಯನ ಬೆರಳು ಮೌಸಿನ ಮೇಲಿತ್ತು. ಆ ಬೆರಳನ್ನು ಹಿಡಿದೆ.

ನಿಲಂಗಾದ ಒಂದು ಮೊಬೈಲ್ ದುಕಾನಿನಲ್ಲಿ ಅಕ್ಕ ಮೊದಲೇ ವಿಚಾರಿಸಿದ್ದಳಂತೆ. ‘ಫಾರ್ಮ್ಯಾಟ್ ಮಾಡದ್ರ ಚಾಲೂ ಆಗ್ತದ ಅಕ್ಕಾ, ಐದ್ ಮಿನಿಟಿನ ಕೆಲಸ,’ ಎಂದಿದ್ದನಂತೆ ಹುಡುಗ. ಅವನ ಮಾತಿನಲ್ಲಿ ಸುಳ್ಳಿಲ್ಲ. ಅವನ ಗಿರಾಕಿಗೆ ಬೇಕಾದ್ದು ಪೆನ್ ಡ್ರೈವು. ಹಾಡು ಅವನ ಬಳಿ ಬೇಕಾದಷ್ಟಿವೆ, ಮತ್ತೆ ತುಂಬಿ ಕೊಡುತ್ತಾನೆ. ನಮಗೆ ಬೇಕಾದ್ದು ಹಾಡು, ಪೆನ್ ಡ್ರೈವು ಹೋದರೂ ಚಿಂತೆಯಿಲ್ಲ. ದುರಸ್ತಿಗೆ ಕೊಡುವವರು ಈ ಒಂದು ಮಾತನ್ನು ದುಕಾನಿನ ಮೆಟ್ಟಿಲು ಹತ್ತುವ ಮೊದಲು ತೀರ್ಮಾನಿಸಿಕೊಳ್ಳಬೇಕು, ಹತ್ತಿದ ಮೇಲೆ ಬಾಯಿಬಿಟ್ಟು ಹೇಳಬೇಕು.

ಪಟ್ಟಿ ಯಾಕೆ ಕೆಡುತ್ತದೆ? ಬಹಳ ಸಲ ಬರೆಯುತ್ತಿರುವಾಗಲೇ ಕಿತ್ತದ್ದರಿಂದ. ದೊಡ್ಡ ಫೈಲು ಹೋಗುವಾಗ ಪರದೆಯ ಹಸಿರು ಪಟ್ಟಿ ತುಂಬಿದರೂ ಒಳಗೆ ಬರೆಯುವುದು ಮುಗಿದಿರುವುದಿಲ್ಲ. ವಿಂಡೋಸ್ 10ರ 2018ರ ಆವೃತ್ತಿಯಿಂದ ತೆಗೆಯುವ ಮೊದಲು ‘ಇಜೆಕ್ಟ್’ ಒತ್ತಲೇಬೇಕು ಎಂಬ ಕಟ್ಟು ಸಡಿಲವಾಗಿದೆ. ಆದರೆ ಅದು ಸುಮ್ಮನೆ ಕೂತ ಪೆನ್ ಡ್ರೈವಿಗೆ ಹೇಳಿದ ಮಾತು, ಬರೆಸಿಕೊಳ್ಳುತ್ತಿರುವುದಕ್ಕಲ್ಲ. ನಮ್ಮದು ಅಳಿಯನ ಲಗ್ನದ ಗಡಿಬಿಡಿಯಲ್ಲಿ ಯಾವುದೋ ದುಕಾನಿನಲ್ಲಿ ಹಾಡು ತುಂಬಿಸಿಕೊಂಡು ಬಂದಿತ್ತೆಂದು ಆಮೇಲೆ ತಿಳಿಯಿತು. ಆಯಿಯ ಪದಗಳ ಮೇಲೆ ಡಿಜೆ ಹಾಡು. ಜಾಗ ಖಾಲಿ ಇತ್ತಲ್ಲ ಎಂದು ಅವನ ವಾದ.

ಇನ್ನೆರಡು ರೋಗ ನಮ್ಮ ಕಡೆ ಸಾಮಾನ್ಯ, ಬೇಗ ಹೇಳಿ ಮುಗಿಸುತ್ತೇನೆ. ಒಂದು ಶಾರ್ಟ್‌ಕಟ್ ವೈರಸ್. ಝೆರಾಕ್ಸ್ ಅಂಗಡಿಯಿಂದ ಬಂದ ಪೆನ್ ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಬಾಣದ ಗುರುತಾಗಿ, ಒತ್ತಿದರೆ ತೆರೆಯುವುದಿಲ್ಲ. ಫೈಲುಗಳು ಹೋಗಿರುವುದಿಲ್ಲ, ಅಡಗಿರುತ್ತವೆ ಅಷ್ಟೆ. ಆಂಟಿವೈರಸ್ ಓಡಿಸಿ, ಅಡಗಿಸಿದ್ದನ್ನು ತೋರಿಸುವ ಆಯ್ಕೆ ಹಾಕಿದರೆ ಸಿಗುತ್ತವೆ. ಬಾಣದ ಗುರುತನ್ನು ಒತ್ತಬೇಡಿ, ಅದೇ ವೈರಸ್ಸಿನ ಬಾಗಿಲು. ಇನ್ನೊಂದು, ಜಾತ್ರೆಯಲ್ಲಿ ಹಾಸಿ ಮಾರುವ, ಬೆಲೆ ಕೇಳಿದರೆ ನಗು ಬರುವ ದೊಡ್ಡ ಜಿಬಿಯ ಪೆನ್ ಡ್ರೈವು. ಒಳಗಿನ ಚಿಪ್ಪು 8 ಜಿಬಿ ಇದ್ದು, 512 ಎಂದು ಸುಳ್ಳು ಹೇಳಲು ಅದಕ್ಕೆ ಕಲಿಸಿರುತ್ತಾರೆ. ತುಂಬುವಾಗ ಎಲ್ಲ ಹೋದಂತೆ ತೋರುತ್ತದೆ, ತೆರೆಯುವಾಗ ಇಲ್ಲ. ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಪುಕ್ಕಟೆ ಪ್ರೋಗ್ರಾಂ ಪೂರ್ತಿ ಬರೆದು ಪೂರ್ತಿ ಓದಿ ಆ ಸುಳ್ಳನ್ನು ಹಿಡಿದುಕೊಡುತ್ತದೆ. ಮತ್ತೆ, ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆಯುವ ಪೆನ್ ಡ್ರೈವನ್ನು ಟ್ರ್ಯಾಕ್ಟರಿನ ಟೇಪು ಒಲ್ಲೆ ಎಂದರೆ ಗಾಬರಿ ಬೇಡ: ಅದರ ಪಟ್ಟಿ ಬಹುಶಃ ಎಕ್ಸ್‌ಫ್ಯಾಟ್ ಪದ್ಧತಿಯದಾಗಿರುತ್ತದೆ, ಅಗ್ಗದ ಟೇಪುಗಳಿಗೆ ಫ್ಯಾಟ್32 ಬಿಟ್ಟು ಬೇರೆ ತಿಳಿಯುವುದಿಲ್ಲ.

ಪೆನ್ ಡ್ರೈವ್ ಹಿಡಿದು ಉದಗೀರಕ್ಕೆ ಹೋದೆ. 1760ರಲ್ಲಿ ಸದಾಶಿವರಾವ್ ಭಾವು ನಿಜಾಮನ ದಂಡನ್ನು ಸೋಲಿಸಿದ ಊರು; 2022ರಲ್ಲಿ 95ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದ ಊರು. ಅಲ್ಲಿಯ ಬಜಾರಿನಲ್ಲಿ ಒಂದು ವಾಕ್ಯ ಮರಾಠಿಯಲ್ಲಿ ಶುರುವಾಗಿ ಉರ್ದುವಿನಲ್ಲಿ ಚೌಕಾಶಿ ನಡೆದು ಕನ್ನಡದಲ್ಲಿ ಮುಗಿಯುತ್ತದೆ. ತಮ್ಮನ ಮಗಳು ಕಂಪ್ಯೂಟರ್ ಓದಿದವಳು. ‘ಕಾಕಾ, ಇದಕ್ಕ ಯಾರಾದ್ರೂ ಏನಾದ್ರೂ ಬರದಾರೇನು?’ ಎಂಬುದು ಆಕೆಯ ಮೊದಲ ಪ್ರಶ್ನೆ. ಇಲ್ಲ ಎಂದೆ. ‘ಹಂಗಾದ್ರ ಛಲೋ’ ಎಂದಳು. ಆಮೇಲೆ ಆಕೆ ಪೆನ್ ಡ್ರೈವನ್ನು ಮುಟ್ಟಿದ್ದು ಒಂದೇ ಕೆಲಸಕ್ಕೆ: ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದದ್ದು ಇದ್ದಂತೆ ಕಂಪ್ಯೂಟರಿಗೆ ಒಂದು ನಕಲು ಇಳಿಸಿಕೊಂಡು ಅದನ್ನು ತೆಗೆದಿಟ್ಟಳು. ಮುಂದಿನ ಪ್ರಯೋಗವೆಲ್ಲ ನಕಲಿನ ಮೇಲೆ. ಡಾಕ್ಟರುಗಳಿಗೂ ಈ ಅನುಕೂಲ ಇದ್ದಿದ್ದರೆ!

ಫ್ಯಾಟ್ ಪದ್ಧತಿಯಲ್ಲಿ ಯಾವ ಫೈಲು ಎಲ್ಲೆಲ್ಲಿ ಹಂಚಿದೆ ಎಂಬ ಪಟ್ಟಿಯ ಎರಡು ಪ್ರತಿ ಇರುತ್ತವೆ. ಫ್ಯಾಟ್32ರಲ್ಲಿ ಡಿಸ್ಕಿನ ಮೊದಲ ಭಾಗದ ಇನ್ನೊಂದು ಪ್ರತಿಯನ್ನೂ ತುಸು ಮುಂದೆ ಕಾದಿಡುತ್ತಾರೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಎಂಬವರು ಬರೆದು ಪುಕ್ಕಟೆಯಾಗಿ ಕೊಟ್ಟಿರುವ ಟೆಸ್ಟ್‌ಡಿಸ್ಕ್ ಎಂಬ ಪ್ರೋಗ್ರಾಂ ಆ ಪ್ರತಿಗಳನ್ನು ಹುಡುಕಿ ಹಳೆಯದನ್ನು ಮುಂದಕ್ಕೆ ತರುತ್ತದೆ. ಅದು ಫಲಿಸಿದರೆ ಫೈಲುಗಳು ಹೆಸರು ಸಮೇತ ಸಿಗುತ್ತವೆ. ನಮ್ಮದರಲ್ಲಿ ಎರಡೂ ಪ್ರತಿ ಹಾಳಾಗಿದ್ದವು. ಆಗ ಅವರದೇ ಇನ್ನೊಂದು, ಫೋಟೊರೆಕ್. ಹೆಸರಿನಲ್ಲಿ ಫೋಟೊ ಇದ್ದರೂ ಅದು ಹಾಡು, ಕಾಗದಪತ್ರ ಎಲ್ಲವನ್ನೂ ಹುಡುಕುತ್ತದೆ. ಪಟ್ಟಿಯನ್ನು ಅದು ನೋಡುವುದೇ ಇಲ್ಲ. ಬಹುಪಾಲು ಬಗೆಯ ಫೈಲುಗಳಿಗೆ ಮೊದಲ ಕೆಲವು ಬೈಟುಗಳ ಒಂದು ಗುರುತು ಇರುತ್ತದೆ. ಅದನ್ನು ಹಿಡಿದು ಡಿಸ್ಕಿನ ಉದ್ದಕ್ಕೂ ನಡೆದು, ಸಿಕ್ಕಿದ್ದನ್ನು ಎತ್ತಿಡುತ್ತದೆ. ಎತ್ತಿಡುವಾಗ ಹೆಸರು ಗೊತ್ತಿಲ್ಲದ್ದರಿಂದ ‘ಎಫ್’ ಎಂಬ ಅಕ್ಷರದ ಮುಂದೆ ಒಂದು ಉದ್ದನೆಯ ಅಂಕೆ ಹಾಕುತ್ತದೆ.

ಸಂಜೆಯ ಹೊತ್ತಿಗೆ ಫೋಲ್ಡರು ತುಂಬಿತು. ಡಿಜೆ ಹಾಡು, ಲಗ್ನಪತ್ರಿಕೆ, ಯಾರದೋ ಸಾತ್‌ಬಾರಾ ಉತಾರೆಯ ಸ್ಕ್ಯಾನು, ಮತ್ತೆ ಯಾರಿಗೂ ಬೇಡವಾದ ನೂರಾರು ಚಿಕ್ಕ ಚಿತ್ರ. ಅದರ ನಡುವೆ ‘ಎಎಂಆರ್’ ಎಂಬ ಬಾಲವಿದ್ದ ಚಿಕ್ಕ ಚಿಕ್ಕ ಫೈಲುಗಳು. ‘ಇವೇ ಕಾಕಾ!’ ಎಂದಳು ಹುಡುಗಿ. ಆ ಕಾಲದ ಮೊಬೈಲುಗಳು ಮಾತನ್ನು ಹಿಡಿಯುತ್ತಿದ್ದ ಬಗೆ ಅದು. ಸಂಗೀತಕ್ಕೆ ಮಾಡಿದ್ದಲ್ಲ, ಫೋನಿನ ಮಾತಿಗೆ ಮಾಡಿದ್ದು. ಒಂದು ನಿಮಿಷಕ್ಕೆ 100 ಕೆಬಿಯೂ ಹಿಡಿಯುವುದಿಲ್ಲ. ಒಂದು ತಾಸಿನ ಆಯಿ 6 ಎಂಬಿಗಿಂತ ಕಡಿಮೆ. ಅಳಿಯನ ಒಂದೊಂದು ಡಿಜೆ ಹಾಡು ಅದಕ್ಕಿಂತ ದಪ್ಪ. 2000ದ ಸುಮಾರಿಗೆ ಮೊದಲ ಪೆನ್ ಡ್ರೈವುಗಳು ಮಾರಾಟಕ್ಕೆ ಬಂದಾಗ ಅವುಗಳಲ್ಲಿ ಒಂದು ಬರೀ 8 ಎಂಬಿಯದು; ಆಯಿ ಅದರಲ್ಲೂ ಆರಾಮಾಗಿ ಕೂತಿರುತ್ತಿದ್ದಳು.

ಹಾಡು ಸಿಕ್ಕವು, ಯಾವುದು ಯಾವ ಹಾಡೆಂದು ಯಾರಿಗೂ ಗೊತ್ತಿಲ್ಲ. ತಮ್ಮ ಇಟ್ಟಿದ್ದ ಹೆಸರುಗಳೆಲ್ಲ ಅಳಿಸಿ ಅಂಕೆ ಮಾತ್ರ ಉಳಿದಿತ್ತು. ಆತನಿಗೂ ನೆನಪಿಲ್ಲ. ಮಗಳಿಗೆ ಮರಾಠಿ ಓವಿಗಳು ತಿಳಿದವು, ಕನ್ನಡದವು ಅರೆಬರೆ. ನನಗೆ ಕನ್ನಡ ತಿಳಿಯಿತು. ಆದರೆ ಕಲ್ಲಿನ ಗರಗರದೊಳಗೆ ಮುಳುಗಿದ ಹಳೆಯ ಮಾತು ಎಲ್ಲವೂ ದಕ್ಕಲಿಲ್ಲ. ಕೊನೆಗೆ ಎಲ್ಲವನ್ನೂ ಮೊಬೈಲಿಗೆ ಹಾಕಿಕೊಂಡು ನಿಲಂಗಾಕ್ಕೆ ಒಯ್ದೆವು. ಅಕ್ಕ ಒಲೆಯ ಮುಂದೆ ಕೂತಿದ್ದಳು. ಹಾಡು ಶುರುವಾಗುವ ಮೊದಲೇ ಹೇಳುತ್ತಿದ್ದಳು. ‘ಇದು ತವರ್ಮನಿದು. ಕಲ್ಲು ನಿಧಾನ ತಿರಗ್ಲತ್ಯಾದ ನೋಡು.’ ‘ಇದ್ರಾಗ ಇಬ್ರು ಅದಾರ, ಬಳಿ ಸಪ್ಪಳ ಎರಡ್ ಅವ. ಮಗ್ಗಲ ಮನಿ ಕಾಕು ಬಂದು ಕೂತಿದ್ರು.’ ಭೂಕಂಪದ ಪದ ಬಂದಾಗ ಮಾತ್ರ ಹೇಳಲಿಲ್ಲ, ಕೈ ತೋರಿಸಿದಳು. ಅದು ನಡುವೆಯೇ ತುಂಡಾಗಿತ್ತು. ಉಳಿದ ಭಾಗದ ಮೇಲೆ ಡಿಜೆ ಬರೆದುಬಿಟ್ಟಿದೆ. ಬರೆದದ್ದರ ಮೇಲೆ ಮತ್ತೊಂದು ಬರೆದರೆ ಯಾವ ಪ್ರೋಗ್ರಾಮೂ ತಿರುಗಿ ತರಲಾರದು.

ಅಕ್ಕ ಹೇಳಿದಂತೆ ಉದಗೀರದ ಹುಡುಗಿ ಹೆಸರು ಕೊಡುತ್ತ ಹೋದಳು, ಕನ್ನಡ ಹಾಡಿಗೂ ಮರಾಠಿಯ ಲಿಪಿಯಲ್ಲಿ. ನಾನು ತಿದ್ದಲು ಹೋಗಲಿಲ್ಲ. ಹುಡುಕುವವಳು ಅವಳು, ಅವಳಿಗೆ ಸಿಕ್ಕರೆ ಆಯಿತು.

1931ರಲ್ಲಿ ಭೀಮಾ ತೀರದ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಅಚ್ಚು ಹಾಕಿಸಿದ್ದು ಇಂಥವೇ ಪದಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ, ಕೈಯಿಂದ ಬರೆದು. ಪುಣೆಯಲ್ಲಿ ಹೇಮಾ ರಾಯರಕರ್ ಮತ್ತು ಗಿ ಪೊಯ್ತೆವ್ಯಾ ಅವರು ಮಹಾರಾಷ್ಟ್ರದ ಹಳ್ಳಿ ಹಳ್ಳಿಯಿಂದ ಕೂಡಿಸಿದ ಬೀಸುವ ಓವಿಗಳು ಲಕ್ಷಕ್ಕೂ ಹೆಚ್ಚು. ಈಗ ಅವು ‘ಪರಿ’ ಎಂಬ ಗ್ರಾಮೀಣ ಭಾರತದ ಜಾಲತಾಣದ ಸಂಗ್ರಹದಲ್ಲಿ ಯಾರು ಬೇಕಾದರೂ ಕೇಳುವಂತೆ ಇವೆ. ಅತ್ತ ಕನ್ನಡದವರು ಬರೆದಿಟ್ಟರು, ಇತ್ತ ಮರಾಠಿಯವರು ಕೂಡಿಟ್ಟರು. ಒಂದೇ ಕಲ್ಲಿನ ಮುಂದೆ ಕೂತು ಒಂದು ಸುತ್ತು ಕನ್ನಡ, ಇನ್ನೊಂದು ಸುತ್ತು ಮರಾಠಿ ಹಾಡಿದ ನಮ್ಮ ಕಡೆಯ ಹೆಂಗಸರ ಹಾಡು ಹೆಚ್ಚಾಗಿ ಇರುವುದು ಹಳೆಯ ಮೊಬೈಲುಗಳಲ್ಲಿ, ಮೆಮೊರಿ ಕಾರ್ಡುಗಳಲ್ಲಿ, ಇಂಥ ಪೆನ್ ಡ್ರೈವುಗಳಲ್ಲಿ. ಮತ್ತು ಇವು ಇಡುವ ಜಾಗವಲ್ಲ. ತೋಷಿಬಾದ ಫುಜಿಯೊ ಮಸುವೊಕಾ ಅವರ ತಂಡ 1987ರಲ್ಲಿ ಜಗತ್ತಿಗೆ ತೋರಿಸಿದ ನ್ಯಾಂಡ್ ಫ್ಲ್ಯಾಶ್ ಚಿಪ್ಪು ಮಾಹಿತಿಯನ್ನು ವಿದ್ಯುತ್ತಿನ ಕಣಗಳಾಗಿ ಸಣ್ಣ ಸಣ್ಣ ಕೋಶಗಳಲ್ಲಿ ಕೂಡಿಹಾಕುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದೆ ಬಿದ್ದಿದ್ದರೆ ಅವು ಮೆಲ್ಲಮೆಲ್ಲಗೆ ಸೋರುತ್ತವೆ, ಬಿಸಿಲಿದ್ದರೆ ಇನ್ನೂ ಬೇಗ. ಮರಾಠವಾಡದ ಮೇ ತಿಂಗಳಲ್ಲಿ ತಗಡಿನ ಮನೆಯ ಟ್ರಂಕಿನೊಳಗೆ ಇಟ್ಟ ಪೆನ್ ಡ್ರೈವಿನ ಮೇಲೆ ನನಗಂತೂ ಭರವಸೆ ಇಲ್ಲ.

ಆದ್ದರಿಂದ ಓದುವವರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ಪೆನ್ ಡ್ರೈವು ಮಾತಾಡದೆ ಕೂತರೆ ಬೇರೆ ತೂತಿಗೆ ಹಾಕಿ ನೋಡಿ, ರೀಸ್ಟಾರ್ಟ್ ಮಾಡಿ, ಅಕ್ಷರ ನೋಡಿ. ‘ಫಾರ್ಮ್ಯಾಟ್’ ಎಂದು ಕೇಳಿದರೆ ‘ಕ್ಯಾನ್ಸಲ್’ ಒತ್ತಿ ಹೊರಗೆ ತೆಗೆದಿಡಿ, ಅದಕ್ಕೆ ಮತ್ತೇನನ್ನೂ ಬರೆಯಬೇಡಿ, ಬಲ್ಲವರಿಗೆ ತೋರಿಸಿ. ಸಿಕ್ಕಿದ್ದನ್ನು ಇಂದೇ ಇನ್ನೆರಡು ಕಡೆ ಇಳಿಸಿ. ಮತ್ತೆ, ಭಾಲ್ಕಿ, ಬಸವಕಲ್ಯಾಣ, ನಿಲಂಗಾ, ಉದಗೀರದ ಕಡೆ ಬೀಸುವ ಪದ ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಅಕ್ಕನಿಗೂ ಗುರುತು ಸಿಗದ ಕೆಲವು ಹಾಡು ಇನ್ನೂ ಅಂಕೆಯ ಹೆಸರಿನಲ್ಲೇ ಇವೆ. ಕೇಳಿ ಹೇಳುವುದಾದರೆ ಕಳಿಸಿಕೊಡುತ್ತೇವೆ, ಮೊಬೈಲಿಗೆ. ಪೆನ್ ಡ್ರೈವಿನಲ್ಲಿ ಅಲ್ಲ.